ಅರ್ಥಿಂಗ್ ಗುಂಡಿಯ ನೀರು

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ತಮ್ಮನಿಗೆ ನನಗಿಂತ ಮೊದಲು ಸೈಕಲ್ ಕೊಡಿಸಿದ ದಿನದಿಂದ ಅದರ ಪರಿಚಯವಿದೆ. ಆದರೆ ಐವತ್ತರ ಹತ್ತಿರ ಬಂದಮೇಲೆ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೇ ಆದ ಒಬ್ಬ ಹುಡುಗಿಯ ಮೇಲೆ ಅದು ಬರುತ್ತದೆಂದು ಎಣಿಸಿರಲಿಲ್ಲ. ಬಂತು. ಬಂದು ಏಳು ತಿಂಗಳು ನನ್ನ ಜೊತೆಯಲ್ಲೇ ಕಂಪನಿಯ ಕ್ಯಾಬ್ ಹತ್ತಿ ಓಡಾಡಿತು, ನನ್ನ ಡಬ್ಬಿಯಲ್ಲೇ ಉಂಡಿತು.

ನಾನು ಧಾರವಾಡದ ಕಡೆಯವನು. ನಾಗಪುರಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಮನೆ ಮನೀಶ್ ನಗರದಲ್ಲಿ, ಕೆಲಸ ಮಿಹಾನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ. ದೊಡ್ಡ ಯಂತ್ರಗಳ ಬೇರಿಂಗುಗಳನ್ನು ದಿನಗಟ್ಟಲೆ ತಿರುಗಿಸಿ, ಅವು ಎಲ್ಲಿಯವರೆಗೆ ತಾಳುತ್ತವೆ ಎಂದು ನೋಡುವುದು ನಮ್ಮ ಕಸುಬು. ತಿರುಗಿಸುವ ಯಂತ್ರಕ್ಕೆ ರಿಗ್ ಅನ್ನುತ್ತೇವೆ. ಬೇರಿಂಗಿನ ಮೈಗೆ ಅಂಟಿಸಿದ ಸೆನ್ಸರುಗಳು ಅದರ ನಡುಕವನ್ನು ಹಿಡಿದು ವೈರಿನೊಳಗೆ ಕಳಿಸುತ್ತವೆ. ಮೂಲೆಯ ಕಬ್ಬಿಣದ ಕಪಾಟಿನಲ್ಲಿರುವ ಕಾರ್ಡು ಅದನ್ನು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಸೆನ್ಸರಿನಿಂದ ಬರುವ ಕರೆಂಟು ಎಷ್ಟು ಅಲ್ಪವೆಂದರೆ, ಪಕ್ಕದ ಕೂಲರಿನ ಮೋಟರು, ಮೇಲಿನ ಟ್ಯೂಬ್‌ಲೈಟು, ಯಾವುದು ಬೇಕಾದರೂ ಅದರೊಳಗೆ ತಲೆ ಹಾಕಬಹುದು. ರಿಗ್ ನಿಂತಿರುವಾಗ ತೆರೆಯ ಮೇಲಿನ ಗೆರೆ ಸುಮ್ಮನೆ ಮಲಗಿರಬೇಕು. ಮಲಗದೆ ಒಂದೇ ಸಮನೆ ನಡುಗುತ್ತಿದ್ದರೆ ಅದೇ ನಾಯ್ಸ್. ನಾಯ್ಸ್ ಸೇರಿದ ಅಂಕಿಗಳನ್ನು ಯಾವ ಗಿರಾಕಿಯೂ ಒಪ್ಪುವುದಿಲ್ಲ.

ಆ ನಾಯ್ಸ್ ಓಡಿಸುವುದರಲ್ಲಿ ನನ್ನದು ಎತ್ತಿದ ಕೈ. ಸಡಿಲವಾದ ತಿರುಪು, ಮೋಟರಿನ ಕೇಬಲ್ಲಿಗೆ ತಾಗಿಕೊಂಡು ಹೋದ ಸೆನ್ಸರ್ ವೈರು, ಒಂದರ ಬದಲು ಎರಡೂ ತುದಿಯಲ್ಲಿ ಅರ್ಥಿಂಗ್‌ಗೆ ಕಟ್ಟಿದ ವೈರಿನ ಲೋಹದ ಕವಚ, ಇವನ್ನು ನಾನು ನೋಡಿದೊಡನೆ ಹಿಡಿಯುತ್ತಿದ್ದೆ. ನಮ್ಮ ಸಾಹೇಬರು ಮರಾಠಿಯವರು, ಮಾತು ಜಾಸ್ತಿ. ಯಾವ ರಿಗ್ಗಿನಲ್ಲಿ ಗೆರೆ ನಡುಗಿದರೂ "ಡಾಕ್ಟರ್‌ಲಾ ಬೋಲವಾ" ಎಂದು ಕೂಗುತ್ತಿದ್ದರು. ಡಾಕ್ಟರನ್ನು ಕರೆಯಿರಿ. ಡಾಕ್ಟರ್ ಅಂದರೆ ನಾನು. ಡಿಪ್ಲೊಮಾ ಓದಿದವನಿಗೆ ಆ ಹೆಸರು ಎಷ್ಟು ಹಿತವಾಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನಗೆ ಎರಡು ರೂಢಿಗಳಿದ್ದವು. ಒಂದು ಎಲ್ಲರಿಗೂ ಗೊತ್ತಿದ್ದದ್ದು. ದಿನವೂ ಬೆಳಿಗ್ಗೆ ರಿಗ್ ಚಾಲೂ ಮಾಡುವ ಮುಂಚೆ, ಯಂತ್ರ ಸುಮ್ಮನಿರುವಾಗಲೇ ಒಂದು ನಿಮಿಷದ ಗೆರೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸಿ ಇಡುವುದು. ನಾನು ರಜೆ ಹಾಕಿದರೂ ಅದು ತಪ್ಪಬಾರದೆಂದು ಪ್ರೋಗ್ರಾಮಿನಲ್ಲೇ ಸೇರಿಸಿಬಿಟ್ಟಿದ್ದೆ. ಒಂಬತ್ತು ವರ್ಷದ ಆ ಫೈಲುಗಳನ್ನು ಯಾರೂ, ನಾನೂ ಸಹ, ಮತ್ತೆ ತೆರೆದು ನೋಡಿರಲಿಲ್ಲ.

ಎರಡನೆಯದು ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನ ಹಿಂದೆ ಗೋಡೆಯ ಪಕ್ಕ ಒಂದು ಅರ್ಥಿಂಗ್ ಗುಂಡಿಯಿದೆ. ಕಾರ್ಡಿನ ಕಪಾಟಿನಿಂದ ಬಂದ ತಾಮ್ರದ ಪಟ್ಟಿ ಅಲ್ಲಿ ನೆಲದೊಳಗೆ ಇಳಿಯುತ್ತದೆ. ದಾರಿ ತಪ್ಪಿದ ಕರೆಂಟೆಲ್ಲ ಅಲ್ಲಿ ಮಣ್ಣು ಸೇರಬೇಕು. ಮಣ್ಣು ಒದ್ದೆಯಿದ್ದರೆ ಸೇರುತ್ತದೆ. ನಾಗಪುರದ ಬೇಸಿಗೆಯಲ್ಲಿ ಆ ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ, ಆಗ ಎಲ್ಲಿಂದ ಸೇರಬೇಕು? ಬಂದ ಮೊದಲ ಬೇಸಿಗೆಯಲ್ಲೇ ನನಗೆ ಇದು ತಿಳಿದಿತ್ತು. ಅಂದಿನಿಂದ ಮಾರ್ಚ್ ಬಂತೆಂದರೆ ಮೊದಲ ಕ್ಯಾಬಿಗೆ ಬಂದು, ಯಾರೂ ಬರುವ ಮುಂಚೆ ಗುಂಡಿಗೆ ಎರಡು ಬಕೆಟ್ ನೀರು ಹಾಕುತ್ತಿದ್ದೆ. ಮೇ ಕೊನೆಯ ಕಡುಬಿಸಿಲಿನ ಒಂಬತ್ತು ದಿನಗಳಿಗೆ ಇಲ್ಲಿಯವರು ನವತಪಾ ಅನ್ನುತ್ತಾರೆ. ಆಗ ಮೂರು ಬಕೆಟ್. ಇದನ್ನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ತೋಟದ ಮಾಲಿಯೇ ಡಾಕ್ಟರ್ ಆಗಿಬಿಡುತ್ತಿದ್ದನಲ್ಲ.

ಆಕೆ ಬಂದದ್ದು ದೀಪಾವಳಿಯ ನಂತರ. ಮೈಸೂರಿನವಳು, ಎಂ.ಟೆಕ್. ಮುಗಿಸಿ ನೇರವಾಗಿ ನಮ್ಮಲ್ಲಿಗೆ ಬಂದಿದ್ದಳು. ಆರು ತಿಂಗಳು ಕೆಲಸ ನೋಡಿ, ಒಪ್ಪಿಗೆಯಾದರೆ ಕಾಯಂ ಮಾಡುವುದೆಂದು ಕರಾರು. ಮೊದಲ ದಿನ "ಸಾರ್, ನೀವು ಕನ್ನಡದವ್ರಂತೆ!" ಎಂದು ಓಡಿಬಂದಾಗ ನನಗೂ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ, ನಾನೇ ಆಕೆಯನ್ನು ಮನೆಗೆ ಊಟಕ್ಕೆ ಕರೆದೆ. ಅದೇ ತಪ್ಪಾಯಿತು. ನನ್ನ ಹೆಂಡತಿ ಆಕೆಗೆ ಬಿಸಿರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಹಾಕಿ ಬಡಿಸಿದಳು. ಎಣಗಾಯಿಯ ರುಚಿಗೆ ಆಕೆ ಕಣ್ಣು ಮುಚ್ಚಿಕೊಂಡು "ಅಯ್ಯೋ ಆಂಟೀ" ಅಂದಳು. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಹಾಗೆ ಒಮ್ಮೆಯೂ ಅಂದಿರಲಿಲ್ಲವಂತೆ. ಆಮೇಲೆ ಪ್ರತಿ ಭಾನುವಾರ "ಬಾ ತಂಗಿ" ಶುರುವಾಯಿತು.

ಲ್ಯಾಬಿನಲ್ಲೂ ಅದೇ ಕತೆ. ನಾನು ಇಡೀ ದಿನ ಕೂತು ತೆಗೆಯುತ್ತಿದ್ದ ವರದಿಯನ್ನು ಆಕೆ ಬರೆದ ಪ್ರೋಗ್ರಾಮು ಚಹಾ ಆರುವುದರೊಳಗೆ ತೆಗೆಯಿತು. ಸಾಹೇಬರು ಅದನ್ನು ಗಿರಾಕಿಗಳಿಗೆ ತೋರಿಸಿದರು. ಒಂದು ದಿನ ಆಕೆ ಎರಡನೇ ರಿಗ್ಗಿನಲ್ಲಿ ಒಂದು ಸಡಿಲ ಕನೆಕ್ಟರ್ ಹುಡುಕಿದಳು. ಅದನ್ನು ನಾನೂ ಹುಡುಕುತ್ತಿದ್ದೆ, ಆದರೆ ಅರ್ಧ ಗಂಟೆ ಹಿಂದೆ ಬಿದ್ದೆ. ಸಾಹೇಬರು ಚಪ್ಪಾಳೆ ತಟ್ಟಿ ಎಲ್ಲರೆದುರಿಗೆ ಹೇಳಿದರು, "ಆತಾ ಆಪಲ್ಯಾಕಡೆ ದೋನ್ ಡಾಕ್ಟರ್!" ಈಗ ನಮ್ಮಲ್ಲಿ ಇಬ್ಬರು ಡಾಕ್ಟರುಗಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಧ್ಯಾಹ್ನ ಡಬ್ಬಿ ಹಿಡಿದು ಒಬ್ಬನೇ ಲ್ಯಾಬಿನ ಹಿಂದೆ ಹೋಗಿ ಕೂತೆ.

ಏಪ್ರಿಲ್‌ನ ಒಂದು ಸೋಮವಾರ ಸಾಹೇಬರು ನನ್ನನ್ನು ಕರೆದು, ಇನ್ನು ಮೊದಲನೇ ರಿಗ್ ಆಕೆ ನೋಡಿಕೊಳ್ಳಲಿ, ನೀವು ಮೂರು ಮತ್ತು ನಾಲ್ಕನ್ನು ನೋಡಿ ಎಂದರು. ನನಗೆ ವಯಸ್ಸಾಯಿತು, ಓಡಾಟ ಕಡಿಮೆಯಾಗಲಿ ಎಂದು ಒಳ್ಳೆಯ ಮಾತನ್ನೂ ಸೇರಿಸಿದರು. ಮೊದಲನೇ ರಿಗ್ ನಾನು ಕೈಯಾರೆ ಕೂರಿಸಿದ್ದು. ಅದರ ಒಂದೊಂದು ವೈರಿಗೂ ನಾನೇ ಚೀಟಿ ಕಟ್ಟಿದ್ದೆ. ಹಿಂದಿನ ಆ ಗುಂಡಿಯೂ ಅದೊಂದಕ್ಕೇ ಸೇರಿದ್ದು.

ಮರುದಿನ ಮೊದಲ ಕ್ಯಾಬು ಮನೆ ಮುಂದೆ ಹಾರ್ನ್ ಹೊಡೆದಾಗ ನಾನು ಹಾಸಿಗೆಯಲ್ಲೇ ಇದ್ದೆ. ಎರಡನೆಯದಕ್ಕೆ ಹೋದೆ. ಗೇಟಿನ ಹತ್ತಿರ ಇಳಿದು ಎರಡು ಪ್ಲೇಟು ತರ್ರಿ ಪೋಹಾ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ತಿಂದೆ. ರಿಗ್ ಆಕೆಯದು, ಗುಂಡಿಯೂ ಆಕೆಯದು, ನೀರೂ ಆಕೆಯೇ ಹಾಕಿಕೊಳ್ಳಲಿ. ಆಕೆಗೆ ಗುಂಡಿ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ವಾರ ಕಣ್ಣಿಗೆ ಬೀಳುವಂಥದ್ದು ಏನೂ ಆಗಲಿಲ್ಲ. ಮೂರನೇ ವಾರ ಮೊದಲನೇ ರಿಗ್ಗಿನ ಗೆರೆ ನಡುಗತೊಡಗಿತು. ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನ ಕೂಲರುಗಳೆಲ್ಲ ಶುರುವಾದ ಮೇಲೆ ಜೋರು. ನಾನು ದೂರದಿಂದ ತೆರೆಯನ್ನು ನೋಡಿದೊಡನೆ ತಿಳಿದುಕೊಂಡೆ. ತಿಳಿದು ನನ್ನ ಕುರ್ಚಿಗೆ ಬಂದು ಕೂತೆ.

ಆಕೆ ಹುಡುಕಿದ ರೀತಿಯಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಒಂದೊಂದೇ ಸೆನ್ಸರು ಬಿಚ್ಚಿ ನೋಡಿದಳು. ಮೋಟರಿನ ಕೇಬಲ್ಲನ್ನು ಬೇರೆ ದಾರಿಯಲ್ಲಿ ಎಳೆಸಿದಳು. ವೈರುಗಳನ್ನು ಜೋಡಿ ಜೋಡಿಯಾಗಿ ಹೆಣೆದಳು, ಕವಚಗಳನ್ನು ಒಂದೇ ತುದಿಯಲ್ಲಿ ಕಟ್ಟಿದಳು, ಕಂಪ್ಯೂಟರನ್ನು ಬ್ಯಾಟರಿಯ ಮೇಲೆ ಓಡಿಸಿದಳು. ಆ ಉರಿಯಲ್ಲಿ ಕೂಲರುಗಳನ್ನೆಲ್ಲ ಆರಿಸಿಸಿ, ಬೆವರು ಒರೆಸಿಕೊಳ್ಳುತ್ತ ಒಬ್ಬಳೇ ಗೆರೆ ನೋಡುತ್ತ ಕೂತಳು. ಪ್ರತಿ ಸಲವೂ ನಡುಕ ಸ್ವಲ್ಪ ತಗ್ಗಿ ಮತ್ತೆ ಬರುತ್ತಿತ್ತು. ಪ್ರತಿ ಸಲ ಅದು ಮತ್ತೆ ಬಂದಾಗ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಇಷ್ಟು ಕೆಟ್ಟವನು ನಾನೆಂದು ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ದಿನ ನನ್ನ ಮೇಜಿನ ಹತ್ತಿರ ಬಂದಳು. ಕೈಯೆಲ್ಲ ವೈರು ಸುಲಿದು ಕೆಂಪಾಗಿತ್ತು.

"ಸಾರ್, ಎಲ್ಲಾ ನೋಡ್ಬಿಟ್ಟೆ. ಅರ್ಥಿಂಗ್ ಒಂದ್ಸಲ ಅಳೆಸೋಣ್ವಾ? ನಂಗೆ ಅದ್ರ ಮೇಲೇ ಅನುಮಾನ."

ಅದು ನೇರ ಗುರಿಗೇ ತಾಗಿತ್ತು. ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಬೆರಳು ಮಾಡಿ ತೋರಿಸಿದೆ. ವರ್ಷಕ್ಕೊಮ್ಮೆ ಕರೆಂಟಿನವರು ಬಂದು ಅರ್ಥಿಂಗ್ ಅಳೆದು, ಸರಿಯಿದೆ ಎಂದು ಸಹಿ ಹಾಕಿ ಅಂಟಿಸಿ ಹೋಗುವ ಕಾಗದ.

"ಅಳದು ಅಂಟಿಸ್ಯಾರಲ್ರಿ. ಬರೋಬರ್ ಐತಿ. ಅದರಾಗ ಟೈಮ್ ಕಳೀಬ್ಯಾಡ್ರಿ."

ಅವರು ಅಳೆಯಲು ಬರುವುದು ಪ್ರತಿ ವರ್ಷವೂ ಮಳೆಗಾಲದಲ್ಲಿ, ಗುಂಡಿಯಲ್ಲಿ ಕಪ್ಪೆ ಕೂಗುವಾಗ. ಅದನ್ನು ನಾನು ಹೇಳಲಿಲ್ಲ. ಆಕೆ "ಸರಿ ಸಾರ್, ನೀವು ಹೇಳಿದ್ರೆ ಆಯ್ತು" ಎಂದು ಹೊರಟುಹೋದಳು. ನನ್ನ ಮಾತನ್ನು ಅಷ್ಟು ನಂಬುತ್ತಾಳೆಂದು ನಾನು ತಿಳಿದಿರಲಿಲ್ಲ.

ಆ ಭಾನುವಾರ ಆಕೆ ಊಟಕ್ಕೆ ಬಂದು ಒಂದೇ ರೊಟ್ಟಿ ತಿಂದು ಎದ್ದಳು. ಆಕೆ ಹೋದ ಮೇಲೆ ಹೆಂಡತಿ ನನ್ನ ಮುಂದೆ ಬಂದು ನಿಂತಳು.

"ರೀ, ಆ ಹುಡುಗಿ ಮಾರಿ ಎಷ್ಟ ಸಣ್ಣ ಆಗೈತಿ ನೋಡ್ರಿ. ನೀವಾದ್ರೂ ಒಂದೀಟ ಹೇಳಿಕೊಡಬಾರದೇನು?"

"ಅಕಿ ಎಂ.ಟೆಕ್. ಮಾಡ್ಯಾಳ. ಅಕಿಗೆ ನಾ ಏನ ಹೇಳಿಕೊಡ್ಲಿ?"

"ಅಲ್ಲ, ನಿಮಗ ಅಕಿ ಮ್ಯಾಲ ಯಾಕಿಷ್ಟು ಸಿಟ್ಟು? ನಿಮ್ಮ ಗಂಟೇನು ಅಕಿ ಕದ್ದಾಳೇನು?"

ನಾನು ಪೇಪರ್ ಅಡ್ಡ ಹಿಡಿದುಕೊಂಡೆ. ಕದ್ದಿದ್ದಾಳೆ ಎಂದು ಹೇಳಬೇಕೆನ್ನಿಸಿತು.

ಮೇ ನಡುವಿಗೆ ಗಿರಾಕಿ ಆ ರಿಗ್ಗಿನ ಅಂಕಿಗಳನ್ನು ವಾಪಸು ಕಳಿಸಿದ. ಸಾಹೇಬರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಆಕೆಯ ಆರು ತಿಂಗಳು ಮುಗಿದಿತ್ತು, ಕಾಯಂ ಪತ್ರ ಅವರ ಮೇಜಿನ ಮೇಲೇ ಇತ್ತು. ಅದನ್ನು ಡ್ರಾಯರಿಗೆ ಸರಿಸಿ, ಈಗ ಇದು ಬೇಡ, ಮಳೆಗಾಲ ಕಳೆಯಲಿ, ಆಗಲೂ ಹೀಗೇ ಇದ್ದರೆ ಬೇರೆ ಯೋಚನೆ ಮಾಡೋಣ ಎಂದರು. ಬೇರೆ ಯೋಚನೆ ಅಂದರೆ ಏನೆಂದು ಮೂವರಿಗೂ ತಿಳಿದಿತ್ತು. ನನ್ನ ಕಡೆ ತಿರುಗಿ, ಡಾಕ್ಟರ್, ರಿಗ್ ನೀವೇ ವಾಪಸು ತೆಗೆದುಕೊಳ್ಳಿ ಎಂದರು. ನನಗೆ ಬೇಕಾದದ್ದು ಸಿಕ್ಕಿತು. ಆಕೆ ತಲೆ ತಗ್ಗಿಸಿ ಕೂತಿದ್ದಳು. ಆಕೆಯ ಅಮ್ಮ ಜೂನ್‌ನಲ್ಲಿ ಮೈಸೂರಿನ ಬಾಡಿಗೆ ಮನೆ ಬಿಟ್ಟು ಮಗಳ ಜೊತೆ ಇರಲು ಬರುವವರಿದ್ದರು. ಅದನ್ನು ನನ್ನ ಮನೆಯ ಊಟದಲ್ಲೇ ಹೇಳಿದ್ದಳು.

ಮರುದಿನ ಮೊದಲ ಕ್ಯಾಬಿಗೆ ಹೋದೆ. ಗುಂಡಿಗೆ ನಾಲ್ಕು ಬಕೆಟ್ ಹಾಕಿದೆ. ಮೊದಲ ಬಕೆಟ್ಟು ಬಿರುಕಿನೊಳಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ನಾಲ್ಕು. ಹಗಲೆಲ್ಲ ಸ್ಕ್ರೂಡ್ರೈವರ್ ಹಿಡಿದು ಕಪಾಟಿನೊಳಗೆ ತಲೆ ತೂರಿಸಿ, ಅಲ್ಲೊಂದು ತಿರುಪು ಬಿಗಿಸುವ, ಇಲ್ಲೊಂದು ವೈರು ಸರಿಸುವ ನಾಟಕ ಆಡಿದೆ. ಆಕೆ ಪಕ್ಕದಲ್ಲೇ ನಿಂತು, ನಾನು ಮುಟ್ಟಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕಲಿಯಲು! ನಾಲ್ಕನೇ ದಿನ ಗೆರೆ ಮಲಗಿತು. ಸಾಹೇಬರು ನಾಗಪುರದ ಕಿತ್ತಳೆಯ ಸಂತ್ರಾ ಬರ್ಫಿ ತರಿಸಿದರು. ಮೊದಲ ತುಂಡು ನನ್ನ ಬಾಯಿಗಿಟ್ಟರು. ಆಕೆಯೂ ಒಂದು ತುಂಡು ತೆಗೆದುಕೊಂಡು, "ಗ್ರೇಟ್ ಸಾರ್ ನೀವು" ಎಂದಳು. ಮನಸ್ಸಿನಿಂದಲೇ ಹೇಳಿದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ನನ್ನ ಮೇಜಿಗೆ ಬಂದು ಒಂದು ಉದ್ದ ಹಾಳೆ ಹರಡಿದಳು.

"ಸಾರ್, ನೀವು ಹೇಗೆ ಸರಿ ಮಾಡಿದ್ರಿ ಅಂತ ಗೊತ್ತಾಗ್ಲಿಲ್ಲ. ಬರ್ಕೊಂಡಿದ್ದನ್ನ ಒಂದೊಂದಾಗಿ ತಿರುಗಿ ಬಿಚ್ಚಿ ನೋಡಿದೆ, ಗೆರೆ ಅಲ್ಲಾಡ್ಲೇ ಇಲ್ಲ. ಅದಕ್ಕೆ ನಿಮ್ಮ ಬೆಳಗಿನ ಒಂದು ನಿಮಿಷದ ಫೈಲ್ ಇದ್ವಲ್ಲ, ಒಂಬತ್ತು ವರ್ಷದ್ದೂ ತೆಗೆದೆ."

ಒಂಬತ್ತು ವರ್ಷ ಒಂದೇ ಹಾಳೆಯ ಮೇಲಿತ್ತು. ಎಡದಿಂದ ಬಲಕ್ಕೆ ನೆಟ್ಟಗೆ ಮಲಗಿದ ಗೆರೆ. ನಡುನಡುವೆ ಪುಟ್ಟ ಪುಟ್ಟ ದಿಬ್ಬಗಳು, ಹೆಚ್ಚುಕಡಿಮೆ ವರ್ಷಕ್ಕೊಂದು.

"ಈ ದಿಬ್ಬ ಎಲ್ಲಾ ನೀವು ರಜಾ ಹಾಕಿ ಊರಿಗೆ ಹೋದಾಗಿಂದು ಸಾರ್. ರಜಾ ಪುಸ್ತಕ ನೋಡ್ದೆ. ಬೇಸಿಗೇಲಿ ಹೋದ್ರೆ ಮಾತ್ರ. ಮಳೆಗಾಲದಲ್ಲಿ ಹೋದಾಗ ಏನೂ ಆಗಿಲ್ಲ." ಹಾಳೆಯಿಂದ ತಲೆ ಎತ್ತಿ ಕೇಳಿದಳು, "ನೀರು ಅಲ್ವಾ ಸಾರ್? ಅರ್ಥಿಂಗ್‌ಗೆ?"

"ಹೌದ್ರಿ."

ಆಕೆಯ ಬೆರಳು ಹಾಳೆಯ ಬಲತುದಿಗೆ ಹೋಯಿತು. ಅಲ್ಲಿ ದಿಬ್ಬವಲ್ಲ, ಗುಡ್ಡವೇ ಎದ್ದಿತ್ತು. ಬೆರಳು ಆ ಗುಡ್ಡದ ಬುಡಕ್ಕೆ ಇಳಿದು, ಅಲ್ಲಿಂದ ಇನ್ನೂ ಸ್ವಲ್ಪ ಹಿಂದಕ್ಕೆ ಸರಿದು ಏಪ್ರಿಲ್‌ನ ಆ ಸೋಮವಾರದ ಮೇಲೆ ನಿಂತಿತು.

"ಇಲ್ಲಿಂದ ನೀವು ಒಂದು ದಿನಾನೂ ರಜಾ ಹಾಕಿಲ್ಲ ಸಾರ್."

ನಾನು ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ನಾನು ನಿಮ್ಮನ್ನ ಕೇಳಿದ್ದೆ," ಎಂದಳು ಮೆಲ್ಲಗೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತನಗೇ ನಂಬಿಕೆ ಬಾರದವಳ ಹಾಗೆ ಹೇಳಿದಳು.

ಅಷ್ಟರಲ್ಲಿ ಸಾಹೇಬರು ಹಿಂದಿನಿಂದ ಬಂದು ಹಾಳೆಗೆ ಬಗ್ಗಿದರು. "ಕಾಯ್ ಮ್ಹಣತೇ ತೀ?" ಏನು ಹೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದರು. ಅವರಿಗೆ ಕನ್ನಡ ಬಾರದು. ಆಕೆಯೇ ಹಿಂದಿಯಲ್ಲಿ ಹೇಳಿದಳು, "ಸರ್ ನೇ ನೌ ಸಾಲ್ ಕೈಸೇ ಸಂಭಾಲಾ, ವಹೀ ದೇಖ್ ರಹೀ ಥೀ." ಒಂಬತ್ತು ವರ್ಷ ಇವರು ಹೇಗೆ ಕಾಪಾಡಿದರು, ಅದನ್ನೇ ನೋಡುತ್ತಿದ್ದೆ. ಸಾಹೇಬರು ನನ್ನ ಬೆನ್ನು ತಟ್ಟಿ ಹೋದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಕೆಯ ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು. ನನ್ನಲ್ಲಿ ಅದು ಇರಲಿಲ್ಲವಲ್ಲ ಎಂದು ಉರಿಯಿತು. ಆದರೆ ಕಣ್ಣು ಆ ಹಾಳೆಯನ್ನು ಬಿಟ್ಟು ಬರಲಿಲ್ಲ. ಒಂಬತ್ತು ಬೇಸಿಗೆ ಬೆಳಗಿನ ಕ್ಯಾಬಿಗೆ ಓಡಿ ಬಂದು ನಾನು ಹೊತ್ತ ನೀರು, ಯಾರೂ ಕಾಣದ್ದು, ಹೆಂಡತಿಗೂ ಹೇಳದ್ದು, ಅಲ್ಲಿ ಒಂದು ನೆಟ್ಟಗಿನ ಗೆರೆಯಾಗಿ ಮಲಗಿತ್ತು. ಅದನ್ನು ಕಂಡು ಗುರುತಿಸಿದವಳು ಜಗತ್ತಿನಲ್ಲಿ ಆಕೆಯೊಬ್ಬಳೇ. ಅದೇ ಹಾಳೆಯಲ್ಲಿ ನನ್ನ ಹೊಟ್ಟೆಕಿಚ್ಚಿಗೂ ತಾರೀಕು ಬಿದ್ದಿತ್ತು.

"ಈ ಹಾಳಿ ನನಗ ಕೊಡ್ತೀರೇನ್ರಿ?" ಎಂದೆ.

"ಇಟ್ಕೊಳ್ಳಿ ಸಾರ್. ನನ್ನ ಹತ್ರ ಫೈಲ್ ಇದೆ."

ಹೆದರಿಸಲು ಹಾಗಂದಳೋ, ಸುಮ್ಮನೆ ಅಂದಳೋ ಇವತ್ತಿಗೂ ತಿಳಿಯದು. ಆ ಮಧ್ಯಾಹ್ನವೆಲ್ಲ ಹಾಳೆಯನ್ನು ಮಡಚುವುದು, ಬಿಚ್ಚುವುದು ಮಾಡಿದೆ. ಡ್ರಾಯರಿನಲ್ಲಿದ್ದ ಆ ಪತ್ರ, ಮೈಸೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಆಕೆಯ ತಾಯಿ, ಎರಡೂ ಕಣ್ಣ ಮುಂದೆ ಬರುತ್ತಿದ್ದವು. ಸಾಹೇಬರು ಹೊರಡುವ ಹೊತ್ತಿಗೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿ ಎಲ್ಲವನ್ನೂ ಹೇಳಿದೆ, ಕಪಾಟಿನ ಕಾಗದ ತೋರಿಸಿ ದಾರಿ ತಪ್ಪಿಸಿದ್ದನ್ನೂ ಸೇರಿಸಿ. ಅವರು ಬಲತುದಿಯ ಗುಡ್ಡದ ಮೇಲೆ ಬೆರಳಿಟ್ಟರು.

"ಕಾ?" ಎಂದರು. ಯಾಕೆ?

"ಮೀ ಜಳತ್ ಹೋತೋ, ಸರ್." ಉರಿಯುತ್ತಿದ್ದೆ ಎಂದೆ. ನನಗೆ ಬರುವ ಅರ್ಧಂಬರ್ಧ ಮರಾಠಿಯಲ್ಲಿ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಕನ್ನಡದಲ್ಲೂ ಹೆಚ್ಚೇನು ಹೇಳುತ್ತಿದ್ದೆನೋ.

ಅವರು ಡ್ರಾಯರ್ ಎಳೆದು ಆಕೆಯ ಪತ್ರ ತೆಗೆದು ನನ್ನೆದುರಿಗೇ ಸಹಿ ಮಾಡಿದರು. ಮೊದಲನೇ ರಿಗ್ ಮತ್ತೆ ಆಕೆಗೆ ಹೋಯಿತು. ನನಗೊಂದು ಮೆಮೊ ಬಂತು, ಅದನ್ನು ಓದಿ ಸಹಿ ಹಾಕಿ ಕೊಟ್ಟೆ. ಆ ದಿನದಿಂದ ಸಾಹೇಬರು ನನ್ನನ್ನು ಡಾಕ್ಟರ್ ಎಂದು ಕರೆದಿಲ್ಲ.

ಮರುದಿನ ನವತಪಾ ಶುರು. ಅಭ್ಯಾಸಬಲದಿಂದ ಮೊದಲ ಕ್ಯಾಬಿಗೇ ಹೋಗಿದ್ದೆ. ಬಕೆಟ್ ಅದರ ಜಾಗದಲ್ಲಿರಲಿಲ್ಲ. ಹಿಂದೆ ಹೋದರೆ ಗುಂಡಿಯ ಮಣ್ಣು ಆಗಲೇ ಕಪ್ಪಗೆ ಒದ್ದೆಯಾಗಿತ್ತು. ಆಕೆ ಖಾಲಿ ಬಕೆಟ್ ಹಿಡಿದು, ಚೂಡಿದಾರದ ಅಂಚು ನೆನೆಸಿಕೊಂಡು ನಿಂತಿದ್ದಳು. ನನಗಿಂತ ಮೊದಲು ಬಂದಿದ್ದಳು. ಅದಕ್ಕೂ ಒಳಗೆ ಏನೋ ಚುರ್ರೆಂದಿತು.

"ಎರಡು ಹಾಕ್ದೆ ಸಾರ್. ಸಾಕಲ್ವಾ?"

ಸಾಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇವತ್ತಿಂದ ಒಂಬತ್ತು ದಿನ ಮೂರು ಬೇಕ್ರಿ," ಎಂದೆ.

ಹೇಳಲು ಸ್ವಲ್ಪ ತಡವಾಯಿತು. ಆ ತಡವನ್ನೂ ಆಕೆ ನೋಡಿದಳು. ಖಾಲಿ ಬಕೆಟ್ ಹಿಡಿದುಕೊಂಡೇ ನಲ್ಲಿಯ ಕಡೆ ಹೋದಳು.